ರಸ್ತೆ ಸದ್ದಿಗೆ ಕಿಟಕಿಯಲ್ಲೇ ತಡೆ

ಮಲ್ಲೇಶ್ವರ, ಚಾಮರಾಜಪೇಟೆ ಕಡೆಯ ಹಳೇ ಮನೆಯೇ ನಿಮ್ಮದು? ಬಸ್ಸು ಹೋದರೆ ಶೋಕೇಸಿನ ಲೋಟ ಗಲಗಲ, ಮಲಗಿದ ಮಗು ಹತ್ತೇ ನಿಮಿಷಕ್ಕೆ ಎದ್ದು ಕೂರುತ್ತೆ, ಅಲ್ವಾ?

ದಪ್ಪ ಪರದೆಗೆ ದುಡ್ಡು ಸುರಿಯಬೇಡಿ. ಅದು ಕೋಣೆಯೊಳಗಿನ ಮಾರ್ದನಿ ಇಳಿಸೀತೇ ಹೊರತು ಹಾರ್ನ್ ತಡೆಯೋದಿಲ್ಲ. ಗಾಳಿ ನುಸುಳುವ ಸಂದಿಯಲ್ಲೇ ಸದ್ದೂ ನುಸುಳೋದು. ಫ್ಯಾನ್ ಆರಿಸಿ, ಪರದೆ ಸರಿಸಿ, ಮುಚ್ಚಿದ ಕಿಟಕಿಯ ಅಂಚಿಗೆ ಊದುಬತ್ತಿ ಹಿಡಿಯಿರಿ. ಹೊಗೆ ಅಲುಗಿದಲ್ಲಿ ರಬ್ಬರ್ ಪಟ್ಟಿ ಅಂಟಿಸಿ, ಸಡಿಲ ಗಾಜಿಗೆ ಪುಟ್ಟಿ ತುಂಬಿಸಿ. ಅಡುಗೆಮನೆಯ ವೆಂಟಿಲೇಟರ್ ಮಾತ್ರ ಮುಚ್ಚಲೇಬೇಡಿ, ಗ್ಯಾಸ್ ಇರುತ್ತೆ!

ನಡುಕದ ಕತೆಯೇ ಬೇರೆ. ಅದು ನೆಲದಿಂದ ಪಾಯಕ್ಕೆ, ಪಾಯದಿಂದ ಗೋಡೆಗೆ ಏರಿ ಬರುತ್ತದೆ, ಪಟ್ಟಿಗೆ ಜಗ್ಗದು. ಮಗುವಿನ ಹಾಸಿಗೆ ಹಿಂದಿನ ಕೋಣೆಗೆ ಹೋಗಲಿ. ಎದುರಿನ ಗುಂಡಿಗೆ ಲಾರಿ ಬಿದ್ದೆದ್ದಾಗಲೇ ಮನೆ ಹೆಚ್ಚು ಅದುರೋದು. ಅಕ್ಕಪಕ್ಕದವರನ್ನೂ ಸೇರಿಸಿಕೊಂಡು ಪಾಲಿಕೆಗೆ ಅರ್ಜಿ ಕೊಡಿ.