ಬಲ್ಬಿನಿಂದ ಸೋತ ಕಾರುಗಳು

ಜೋಡುಕರೆ ಕಂಬಳದಲ್ಲಿ ಎರಡು ಜೋಡಿ ಕೋಣಗಳು ಅಕ್ಕಪಕ್ಕದ ಕರೆಗಳಲ್ಲಿ ಒಟ್ಟಿಗೇ ಓಡುತ್ತವೆ. ಮಂಜೊಟ್ಟಿಯನ್ನು ಮೊದಲು ಮುಟ್ಟಿದ ಜೋಡಿ ಯಾವುದೆಂದು ಬದಿಯಲ್ಲಿ ನಿಂತ ಸಾವಿರಾರು ಜನ ಕಣ್ಣಾರೆ ನೋಡುತ್ತಾರೆ. ಹಾಗೆ ನೋಡಿಯೂ ತಕರಾರು ತಪ್ಪುವುದಿಲ್ಲವೆಂದೇ ಈಚಿನ ವರ್ಷಗಳಲ್ಲಿ ಅಲ್ಲಿಗೂ ಲೇಸರ್ ಕಿರಣ ಬಂದಿದೆ. ಹಾಗಾದರೆ ಒಬ್ಬರ ಓಟವನ್ನು ಇನ್ನೊಬ್ಬರು ನೋಡುವುದೇ ಸಾಧ್ಯವಿಲ್ಲದ ಸ್ಪರ್ಧೆಯ ಪಾಡೇನು? ಮೋಟಾರು ರ‍್ಯಾಲಿ ಅಂಥದೊಂದು ಸ್ಪರ್ಧೆ.

ರ‍್ಯಾಲಿಯಲ್ಲಿ ಕಾರುಗಳು ಸಾಲಾಗಿ ನಿಂತು ಒಮ್ಮೆಗೇ ಹೊರಡುವುದಿಲ್ಲ. ಒಂದು ಅಥವಾ ಎರಡು ನಿಮಿಷಕ್ಕೆ ಒಂದರಂತೆ ಬಿಡುತ್ತಾರೆ. ದಾರಿಯಲ್ಲಿ ಎರಡು ಬಗೆ. ಸಾರ್ವಜನಿಕ ಸಂಚಾರವನ್ನು ಮುಚ್ಚಿ, ಕೈಲಾದಷ್ಟು ವೇಗವಾಗಿ ಓಡಿಸಲು ಬಿಟ್ಟುಕೊಡುವ ತುಂಡುಗಳು ಒಂದು. ಅವಕ್ಕೆ ಸ್ಪೆಷಲ್ ಸ್ಟೇಜ್ ಎಂದು ಹೆಸರು. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವ ಕೂಡುದಾರಿ ಇನ್ನೊಂದು. ಅಲ್ಲಿ ಸ್ಪರ್ಧಿಯೂ ಎಲ್ಲರಂತೆ ಒಬ್ಬ ವಾಹನ ಚಾಲಕ. ಕೆಂಪು ದೀಪ ಕಂಡರೆ ನಿಲ್ಲಬೇಕು, ಹಾಲಿನ ಲಾರಿ ಅಡ್ಡ ಬಂದರೆ ಕಾಯಬೇಕು.

ಚಾಲಕನ ಪಕ್ಕದಲ್ಲಿ ಕೂರುವ ನ್ಯಾವಿಗೇಟರನ ಕೈಯಲ್ಲಿ ಒಂದು ಟೈಮ್ ಕಾರ್ಡ್ ಇರುತ್ತದೆ. ನಿಗದಿತ ಠಾಣೆಗಳಲ್ಲಿ ನಿಗದಿತ ನಿಮಿಷಕ್ಕೆ ಅದನ್ನು ಕೊಟ್ಟು ಸಮಯ ಬರೆಸಿಕೊಳ್ಳಬೇಕು. ತಡವಾಗಿ ಹೋದರೆ ದಂಡ ಬೀಳುವುದು ಸಹಜವೇ. ಬೇಗ ಹೋದರೆ ಅದಕ್ಕಿಂತ ಹೆಚ್ಚಿನ ದಂಡ ಬೀಳುತ್ತದೆ ಎಂಬುದು ಹೊಸಬರಿಗೆ ಅರ್ಥವಾಗದ ಸಂಗತಿ. ಅಂತರರಾಷ್ಟ್ರೀಯ ನಿಯಮದಂತೆ ಒಂದು ನಿಮಿಷ ತಡವಾದರೆ 10 ಸೆಕೆಂಡು, ಒಂದು ನಿಮಿಷ ಮುಂಚೆ ಹೋದರೆ ಪೂರ್ತಿ 60 ಸೆಕೆಂಡು. ಕೂಡುದಾರಿಯಲ್ಲಿ, ಊರುಕೇರಿಗಳ ನಡುವೆ, ಯಾರೂ ನುಗ್ಗಿ ಓಡಿಸಬಾರದೆಂಬುದೇ ಇದರ ಹಿಂದಿನ ಲೆಕ್ಕ. ಕೊನೆಗೆ ಎಲ್ಲ ಸ್ಟೇಜುಗಳ ಸಮಯಕ್ಕೆ ಎಲ್ಲ ದಂಡಗಳನ್ನು ಕೂಡಿಸಿದಾಗ ಬರುವ ಮೊತ್ತವೇ ಫಲಿತಾಂಶ. ಅಂದರೆ ರ‍್ಯಾಲಿಯ ಗೆಲುವು ರಸ್ತೆಯ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ.

ಈ ಕಾಗದವನ್ನು ಬೇಕೆಂದೇ ಬಳಸಿಕೊಂಡ ಉದಾಹರಣೆಯೂ ಇದೆ. 1995ರಲ್ಲಿ ಸ್ಪೇನಿನ ಕ್ಯಾಟಲೂನ್ಯ ರ‍್ಯಾಲಿಯಲ್ಲಿ ಸುಬಾರು ತಂಡದ ಇಬ್ಬರು ಚಾಲಕರು, ಸ್ಪೇನಿನ ಕಾರ್ಲೋಸ್ ಸೈನ್ಸ್ ಮತ್ತು ಸ್ಕಾಟ್ಲೆಂಡಿನ ಕಾಲಿನ್ ಮೆಕ್‌ರೇ, ಮುಂಚೂಣಿಯಲ್ಲಿದ್ದರು. ಸೈನ್ಸ್ ಗೆಲ್ಲಲಿ ಎಂಬುದು ತಂಡದ ಅಪ್ಪಣೆ. ಮೆಕ್‌ರೇಗೆ ಅದು ಒಪ್ಪಿಗೆಯಿರಲಿಲ್ಲ. ವೇಗ ತಗ್ಗಿಸದೆ ಓಡಿಸಿ ಸ್ಟೇಜುಗಳ ಲೆಕ್ಕದಲ್ಲಿ ಮುಂದೆಯೇ ಉಳಿದರು. ಕೊನೆಗೆ ಠಾಣೆಯಲ್ಲಿ ಬೇಕೆಂದೇ ತಡವಾಗಿ ಕಾರ್ಡ್ ಕೊಟ್ಟು ದಂಡ ಹಾಕಿಸಿಕೊಂಡಾಗ ಗೆಲುವು ಸೈನ್ಸ್ ಪಾಲಾಯಿತು. ಅದೇ ವರ್ಷದ ಕೊನೆಯ ರ‍್ಯಾಲಿಯಲ್ಲಿ ಸೈನ್ಸ್‌ರನ್ನು ಸೋಲಿಸಿ ಮೆಕ್‌ರೇ ವಿಶ್ವ ಚಾಂಪಿಯನ್ ಆದರು ಎನ್ನುವುದು ಕತೆಯ ಉತ್ತರಾರ್ಧ.

ರ‍್ಯಾಲಿಯ ತಕರಾರು ರ‍್ಯಾಲಿಯಷ್ಟೇ ಹಳೆಯದು. 1911ರಲ್ಲಿ ಮೊದಲ ಮಾಂಟೆ ಕಾರ್ಲೊ ರ‍್ಯಾಲಿ ನಡೆದಾಗ ಯೂರೋಪಿನ ಬೇರೆ ಬೇರೆ ಊರುಗಳಿಂದ 23 ಕಾರುಗಳು ಹೊರಟವು. ಕಾರಿನಲ್ಲಿ ಕುಳಿತವರಿಗೆ ಎಷ್ಟು ಸುಖವಾಗಿತ್ತು, ಕಾರು ನೋಡಲು ಎಷ್ಟು ಸೊಗಸಾಗಿದೆ, ಮೊನಾಕೊ ಮುಟ್ಟಿದಾಗ ಅದರ ಸ್ಥಿತಿ ಹೇಗಿತ್ತು ಎಂಬುದಕ್ಕೂ ಅಲ್ಲಿ ಅಂಕಗಳಿದ್ದವು. ಪ್ಯಾರಿಸ್ಸಿನಿಂದ ಬಂದ ಆನ್ರಿ ರೂಜಿಯೇ ವಿಜೇತರೆಂದು ತೀರ್ಪಾಯಿತು. ಬರ್ಲಿನ್ನಿನಿಂದ ಇನ್ನೂ ದೂರದ ಹಾದಿ ಸವೆಸಿ ಬಂದಿದ್ದ ಫಾನ್ ಎಸ್ಮಾರ್ಕ್ ಎಂಬ ಜರ್ಮನ್ ಸೇನಾಧಿಕಾರಿ ಪ್ರತಿಭಟಿಸಿದರು. ಜನವರಿಯ ಹಿಮದಲ್ಲಿ ಕೆಸರು ಮೆತ್ತಿಕೊಂಡು ಬಂದ ಕಾರಿಗೆ ಸೊಗಸಿನ ಅಂಕ ಕಡಿಮೆಯಾಗದೆ ಇನ್ನೇನಾದೀತು! ಪ್ರತಿಭಟನೆ ಫಲಿಸಲಿಲ್ಲ.

ಇದೇ ರ‍್ಯಾಲಿಯಲ್ಲಿ ಐವತ್ತೈದು ವರ್ಷಗಳ ಅನಂತರ ನಡೆದ ಪ್ರಕರಣ ಮಾತ್ರ ಇಂದಿಗೂ ಮರೆತಿಲ್ಲ. ಮಾಂಟೆ ಕಾರ್ಲೊ ರ‍್ಯಾಲಿ ನಡೆಯುವುದು ಆಲ್ಪ್ಸ್ ಪರ್ವತದ ಟಾರು ರಸ್ತೆಗಳಲ್ಲಿ. ಒಂದು ತಿರುವಿನಲ್ಲಿ ಒಣ ಟಾರು, ಮುಂದಿನ ತಿರುವಿನ ನೆರಳಿನಲ್ಲಿ ಹಿಮ ಗಟ್ಟಿದ ಗಾಜು. ಇಂಥ ಹಾದಿಗೆ ಬ್ರಿಟನ್ನಿನ ಪುಟ್ಟ ಮಿನಿ ಕೂಪರ್ ಹೇಳಿ ಮಾಡಿಸಿದಂತಿತ್ತು. ಎಂಜಿನ್ ಮುಂದೆ, ಎಳೆಯುವ ಗಾಲಿಗಳೂ ಮುಂದೆ. ಭಾರವೆಲ್ಲ ಆ ಗಾಲಿಗಳ ಮೇಲೇ ಇರುವುದರಿಂದ ಜಾರುವ ರಸ್ತೆಯಲ್ಲಿ ಅದಕ್ಕೆ ಹಿಡಿತ ಸಿಗುತ್ತಿತ್ತು. 1964ರಲ್ಲಿ ಐರ್ಲೆಂಡಿನ ಪ್ಯಾಡಿ ಹಾಪ್‌ಕರ್ಕ್, 1965ರಲ್ಲಿ ಫಿನ್ಲೆಂಡಿನ ಟಿಮೊ ಮ್ಯಾಕಿನೆನ್ ಇದೇ ಕಾರಿನಲ್ಲಿ ಗೆದ್ದಿದ್ದರು. ಅಂಗಡಿಗೆ ಸಾಮಾನು ತರಲು ಹೋಗುವ ಕಾರು ದೊಡ್ಡ ಕಾರುಗಳನ್ನು ಸೋಲಿಸಿತೆಂದು ಜನಕ್ಕೆ ಖುಷಿಯೋ ಖುಷಿ.

1966ಕ್ಕೆ ನಿಯಮಗಳು ಬದಲಾದವು. ಮಾರಾಟಕ್ಕೆ ಬಂದ ಸ್ಥಿತಿಯಿಂದ ಹೆಚ್ಚೇನೂ ಬದಲಾಗದ, ವರ್ಷಕ್ಕೆ 5000ದಷ್ಟು ತಯಾರಾಗುವ ಕಾರುಗಳಿಗೆ ಒಂದನೇ ಗುಂಪು ಎಂದು ಹೆಸರು. ಇವಕ್ಕೆ ಅನುಕೂಲವಾಗುವಂತೆ ಸಂಘಟಕರು ಲೆಕ್ಕ ಹೂಡಿದರು. ಮಾರ್ಪಾಡು ಮಾಡಿದ ಕಾರುಗಳ ಸಮಯದ ಮೇಲೆ ಹೆಚ್ಚುವರಿ ಹೊರೆ ಹೊರಿಸಿದರು. ಬ್ರಿಟಿಷರು ಅದಕ್ಕೆ ತಕ್ಕಂತೆ ಒಂದನೇ ಗುಂಪಿನ ಮಿನಿಗಳನ್ನೇ ತಂದರು. ರ‍್ಯಾಲಿ ಮುಗಿದಾಗ ಮ್ಯಾಕಿನೆನ್ ಮೊದಲು, ರೌನೊ ಆಲ್ಟೊನೆನ್ ಎರಡನೆಯವರು, ಹಾಪ್‌ಕರ್ಕ್ ಮೂರನೆಯವರು. ಮೂರೂ ಮಿನಿಗಳು. ನಾಲ್ಕನೆಯದು ರಾಜರ್ ಕ್ಲಾರ್ಕ್ ಓಡಿಸಿದ ಬ್ರಿಟಿಷ್ ಫೋರ್ಡ್.

ಅನಂತರ ತಪಾಸಣೆ ಆರಂಭವಾಯಿತು. ತಪಾಸಣಾಧಿಕಾರಿಗಳು ಗೆದ್ದ ಕಾರುಗಳನ್ನು ಗಂಟೆಗಟ್ಟಲೆ ಬಿಚ್ಚಿ ಅಳೆದರು. ಎಂಜಿನ್ನಿನಲ್ಲಿ ಹುಳುಕು ಸಿಗಲಿಲ್ಲ. ಸಿಕ್ಕಿದ್ದು ಹೆಡ್‌ಲೈಟಿನಲ್ಲಿ. ಮಾರಾಟದ ಮಿನಿಯ ದೀಪದೊಳಗೆ ಎರಡು ತಂತಿಗಳ ಬಲ್ಬು; ಒಂದು ದೂರದ ಬೆಳಕಿಗೆ, ಇನ್ನೊಂದು ಎದುರು ಬರುವವರ ಕಣ್ಣು ಕುಕ್ಕದಂತೆ ತಗ್ಗಿಸಿದ ಬೆಳಕಿಗೆ. ರ‍್ಯಾಲಿಯ ಮಿನಿಗಳಲ್ಲಿದ್ದದ್ದು ಒಂದೇ ತಂತಿಯ ಪ್ರಖರ ಕ್ವಾರ್ಟ್ಸ್ ಅಯೊಡಿನ್ ಬಲ್ಬು. ಬೆಳಕು ತಗ್ಗಿಸಬೇಕಾದಾಗ ಚಾಲಕ ಹೆಡ್‌ಲೈಟ್ ಬಿಟ್ಟು ಮಂಜಿನ ದೀಪಗಳಿಗೆ ಬದಲಿಸಿಕೊಳ್ಳುತ್ತಿದ್ದ. ಇದು ಮಾರಾಟದ ಕಾರಿನ ವ್ಯವಸ್ಥೆಯಲ್ಲ, ಆದ್ದರಿಂದ ಕಾರು ಒಂದನೇ ಗುಂಪಿಗೆ ಸೇರುವುದಿಲ್ಲ ಎಂದು ತೀರ್ಪಾಯಿತು. ಮೂರು ಮಿನಿಗಳೂ, ಕ್ಲಾರ್ಕರ ಫೋರ್ಡೂ ಅನರ್ಹ. ಹಿಲ್‌ಮನ್ ಇಂಪ್ ಕಾರಿನಲ್ಲಿ ಮಹಿಳೆಯರ ಬಹುಮಾನ ಗೆದ್ದಿದ್ದ ಡಬ್ಲಿನ್ನಿನ ರೋಸ್‌ಮೇರಿ ಸ್ಮಿತ್ ಕೂಡ ಇದೇ ಕಾರಣಕ್ಕೆ ಅದನ್ನು ಕಳೆದುಕೊಂಡರು. ಐದನೆಯವರಾಗಿದ್ದ ಫಿನ್ಲೆಂಡಿನ ಪೌಲಿ ಟೊಯ್ವೊನೆನ್ ವಿಜೇತರೆಂದು ಘೋಷಣೆಯಾಯಿತು. ಅವರು ಓಡಿಸಿದ್ದು ಫ್ರೆಂಚ್ ಕಂಪನಿಯ ಸಿಟ್ರಾನ್!

ಬ್ರಿಟಿಷ್ ಪತ್ರಿಕೆಗಳು ಕೆಂಡ ಕಾರಿದವು. ಫ್ರೆಂಚ್ ಕಾರನ್ನು ಗೆಲ್ಲಿಸಲೆಂದೇ ಹೂಡಿದ ಆಟವಿದು ಎಂಬ ಆರೋಪ ಬಂತು. ಮೇಲ್ಮನವಿಗಳು ಬಿದ್ದುಹೋದವು. ಆದರೆ ಸೋತ ಕಾರುಗಳು ಲಂಡನ್ನಿಗೆ ಮರಳಿದಾಗ ಗೆದ್ದವರಿಗೆ ಸಿಗುವುದಕ್ಕಿಂತ ದೊಡ್ಡ ಸ್ವಾಗತ ಸಿಕ್ಕಿತು. ಟೆಲಿವಿಷನ್ನಿನ ಜನಪ್ರಿಯ ಮನರಂಜನಾ ಕಾರ್ಯಕ್ರಮದ ವೇದಿಕೆಗೇ ಅವುಗಳನ್ನು ತಂದರು. ಮರುವರ್ಷ, 1967ರಲ್ಲಿ, ಆಲ್ಟೊನೆನ್ ಮಿನಿಯಲ್ಲೇ ಮತ್ತೆ ಗೆದ್ದರು. ಟೊಯ್ವೊನೆನ್ ತಮಗೆ ದಕ್ಕಿದ ಗೆಲುವಿನಿಂದ ಹಿಗ್ಗಲಿಲ್ಲ.

ನಿಷ್ಪಕ್ಷಪಾತವಾಗಿ ನೋಡಿದರೆ ಎರಡೂ ಕಡೆ ನ್ಯಾಯವಿತ್ತು ಎನ್ನಬೇಕು. ಆ ಬಲ್ಬು ಮಾರಾಟದ ಕಾರಿನದಲ್ಲ ಎಂಬುದು ನಿಜ, ನಿಯಮ ಮುರಿದಿತ್ತು. ಆದರೆ ಗೆದ್ದ ಅಂತರಕ್ಕೂ ಬೆಳಕು ತಗ್ಗಿಸುವ ವಿಧಾನಕ್ಕೂ ಏನು ಸಂಬಂಧ? ಮುಚ್ಚಿದ ರಸ್ತೆಯಲ್ಲಿ ಎದುರು ಬರುವ ವಾಹನವೇ ಇರುವುದಿಲ್ಲ. ದಂಡ ಹಾಕಿ ಬಿಡಬಹುದಾಗಿದ್ದ ತಪ್ಪಿಗೆ ಗಡೀಪಾರಿನ ಶಿಕ್ಷೆಯಾಯಿತು. ಜನಕ್ಕೆ ಸಿಟ್ಟು ಬಂದದ್ದು ನಿಯಮದ ಮೇಲಲ್ಲ, ಗೆದ್ದವನು ಯಾರೆಂದು ತಿಳಿದ ಮೇಲೆ ತಪ್ಪು ಹುಡುಕಲು ಕೂತರು ಎಂಬ ಅನುಮಾನದ ಮೇಲೆ.

ಮುಂದಿನ ದೊಡ್ಡ ಪ್ರಕರಣಗಳಲ್ಲೂ ಇದೇ ಅನುಮಾನ ಕಾಣುತ್ತದೆ. 1986ರಲ್ಲಿ ಇಟಲಿಯ ಸಾನ್ ರೆಮೊ ರ‍್ಯಾಲಿಯಲ್ಲಿ ಪ್ಯೂಜೊ ಕಾರುಗಳ ತಳದ ಅಂಚಿನ ಪಟ್ಟಿ ಗಾಳಿಯ ಒತ್ತಡದಿಂದ ಲಾಭ ಪಡೆಯುತ್ತದೆಂದು ಸ್ಪರ್ಧೆಯ ನಡುವೆಯೇ ಅವನ್ನು ಹೊರಗಿಟ್ಟರು. ಇಟಲಿಯ ಲಾನ್ಸಿಯ ಓಡಿಸುತ್ತಿದ್ದ ಮಾರ್ಕು ಅಲೆನ್ ಗೆದ್ದು, ವರ್ಷಾಂತ್ಯಕ್ಕೆ ವಿಶ್ವ ಚಾಂಪಿಯನ್ ಕೂಡ ಆದರು. ಹನ್ನೊಂದೇ ದಿನ. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಒಕ್ಕೂಟ ಡಿಸೆಂಬರಿನಲ್ಲಿ ಸಾನ್ ರೆಮೊ ಫಲಿತಾಂಶವನ್ನೇ ರದ್ದು ಮಾಡಿದ್ದರಿಂದ ಪಟ್ಟ ಪ್ಯೂಜೊ ತಂಡದ ಯೂಹಾ ಕಂಕುನೆನ್ ಅವರಿಗೆ ಹೋಯಿತು. ಮೆಕ್‌ರೇ ತಡಮಾಡಿದ 1995ರ ಕ್ಯಾಟಲೂನ್ಯದಲ್ಲೇ ಟೊಯೊಟ ತಂಡದ ಟರ್ಬೊದಲ್ಲಿ ಅಡಗಿಸಿದ್ದ ಕುಶಲ ವಂಚನೆ ಬಯಲಾಗಿ ತಂಡಕ್ಕೆ 12 ತಿಂಗಳ ನಿಷೇಧ ಬಿತ್ತು. ಇದರಲ್ಲಿ ಮಾತ್ರ ಅನುಮಾನಕ್ಕೆ ಎಡೆಯಿರಲಿಲ್ಲ.

ಇವೆಲ್ಲ ಕಂಪನಿಗಳ ಹಣದ ಕತೆ. ಸ್ವಂತ ಕಾರು, ಸ್ವಂತ ಪೆಟ್ರೋಲು, ಭಾನುವಾರದ ರಜೆ ಇಷ್ಟನ್ನೇ ನಂಬಿದ ಹವ್ಯಾಸಿಗಳ ರ‍್ಯಾಲಿಯಲ್ಲಿ ತಕರಾರಿನ ಬಣ್ಣ ಬೇರೆ. ಅಲ್ಲಿ ಗಡಿಯಾರ ಹಿಡಿದವನೂ, ಕಾರು ತಪಾಸಣೆ ಮಾಡುವವನೂ ಸಂಬಳವಿಲ್ಲದೆ ಬಂದ ಕ್ಲಬ್ಬಿನ ಸದಸ್ಯರು. ತಾತ್ಕಾಲಿಕ ಫಲಿತಾಂಶದ ಹಾಳೆ ಫಲಕಕ್ಕೆ ಅಂಟಿಸಿದ ಮೇಲೆ ಅರ್ಧ ಗಂಟೆ ಕಾಲಾವಕಾಶ. ಅಷ್ಟರಲ್ಲಿ ಶುಲ್ಕ ಕಟ್ಟಿ, ಲಿಖಿತವಾಗಿ ದೂರಬೇಕು. ದೂರು ನಿಜವಾದರೆ ಶುಲ್ಕ ವಾಪಸು. ಇದಕ್ಕೆ ಬೇಕಾದ ಧೈರ್ಯ ಕಡಿಮೆಯದಲ್ಲ. ಇಂದು ಯಾರ ಕಾರು ಬಿಚ್ಚಿಸಬೇಕೆಂದು ಬರೆದುಕೊಟ್ಟೆವೋ ನಾಳೆ ಅವರಿಂದಲೇ ಜಾಕು ಕೇಳಿ ಪಡೆಯಬೇಕಾದೀತು.

ಟಾರು ರಸ್ತೆಗೆ ಅದರದೇ ಆದ ಒಂದು ತೊಡಕೂ ಉಂಟು. ಮಣ್ಣಿನ ರಸ್ತೆಯಲ್ಲಿ ಮೊದಲು ಹೋದವರು ಸಡಿಲ ಜಲ್ಲಿಯನ್ನು ಗುಡಿಸಿ ಹಿಂದಿನವರಿಗೆ ದಾರಿ ಹಸನು ಮಾಡುತ್ತಾರೆ. ಟಾರಿನಲ್ಲಿ ಇದು ತಿರುಗುಮುರುಗು. ಪ್ರತಿಯೊಬ್ಬರೂ ತಿರುವಿನ ಒಳಬದಿಯನ್ನು ಕತ್ತರಿಸಿ ಹೋಗುವುದರಿಂದ ಅಂಚಿನ ಮಣ್ಣು ರಸ್ತೆಯ ಮೇಲೆ ಬೀಳುತ್ತ ಹೋಗುತ್ತದೆ. ನಲವತ್ತನೆಯ ಕಾರಿನ ಪಾಲಿಗೆ ಬರುವುದು ಮೊದಲನೆಯವನು ಓಡಿಸಿದ ರಸ್ತೆಯಲ್ಲ. ಅಪಘಾತವಾಗಿ ಸ್ಟೇಜ್ ನಡುವೆ ನಿಂತರೆ ಇನ್ನೂ ಕಷ್ಟ. ಓಡಿಸಲಾಗದೆ ಉಳಿದವರಿಗೆ ನ್ಯಾಯವೆಂದು ತೋರಿದ ಒಂದು ಸಮಯವನ್ನು ಅಧಿಕಾರಿಗಳೇ ಬರೆಯುತ್ತಾರೆ. ಓಡದ ಓಟಕ್ಕೆ ಸಿಕ್ಕಿದ ಈ ಅಂಕದಿಂದ ಬಹುಮಾನ ಕೈ ತಪ್ಪಿದರೆ ಯಾರು ಸುಮ್ಮನಿರುತ್ತಾರೆ? ಹಾಗೆಂದು ಈ ನಿಯಮ ಬಿಡುವಂತಿಲ್ಲ. ದಾರಿಯಲ್ಲಿ ಎಸ್‌ಒಎಸ್ ಎಂಬ ಕೆಂಪು ಫಲಕ ಹಿಡಿದವರು ಕಂಡರೆ ಯಾವ ಸ್ಪರ್ಧಿಯಾದರೂ ನಿಲ್ಲಲೇಬೇಕು. ನಿಂತವನು ಕಳೆದುಕೊಂಡ ನಿಮಿಷಗಳನ್ನು ಹೇಗೋ ತುಂಬಿಕೊಡದಿದ್ದರೆ ನಿಲ್ಲಲು ಹಿಂದೆಮುಂದೆ ನೋಡುವವರೂ ಇದ್ದಾರು.

ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 189ನೇ ಕಲಮಿನಂತೆ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಪಂದ್ಯ ಅಪರಾಧ. ಚಿಕ್ಕಮಗಳೂರಿನ ಕಾಫಿ ತೋಟಗಳ ವೇಗದ ರ‍್ಯಾಲಿಗಳು ತೋಟದ ಮಣ್ಣಿನ ಹಾದಿಯಲ್ಲಿ ನಡೆಯಲು ಇದೂ ಒಂದು ಕಾರಣವೆನ್ನಬಹುದು. ಟಾರು ರಸ್ತೆಯ ಹವ್ಯಾಸಿಗೆ ಉಳಿಯುವುದು ಟಿಎಸ್‌ಡಿ ರ‍್ಯಾಲಿ. ಅಲ್ಲಿ ಕಾನೂನಿನ ಮಿತಿಯೊಳಗಿನ ಒಂದು ಸರಾಸರಿ ವೇಗ ಕೊಟ್ಟು, ಗುಟ್ಟಾಗಿಟ್ಟ ಠಾಣೆಗಳನ್ನು ಸೆಕೆಂಡಿನ ಲೆಕ್ಕದಲ್ಲಿ ಸರಿಯಾಗಿ ಮುಟ್ಟಲು ಹೇಳುತ್ತಾರೆ. ವೇಗಕ್ಕಿಂತ ಮಗ್ಗಿ ಬಾಯಿಪಾಠ ಇದ್ದವರು ಗೆಲ್ಲುವ ಆಟವಿದು. ಸಂಘಟಕರ ಓಡೊಮೀಟರ್ ಒಂದು ದೂರ ಹೇಳಿದರೆ ಸ್ಪರ್ಧಿಯದು ಇನ್ನೊಂದು ಹೇಳುತ್ತದೆ. ಜಗಳ ಸಾಮಾನ್ಯವಾಗಿ ಅಲ್ಲಿಂದಲೇ ಶುರು.

ಮುಚ್ಚಿದ ಟಾರು ರಸ್ತೆಯನ್ನು ಹವ್ಯಾಸಿಗಳಿಗೆ ಬಿಟ್ಟುಕೊಟ್ಟ ದೇಶಗಳಲ್ಲಿ ಆಸ್ಟ್ರೇಲಿಯ ಒಂದು. ಇಟಲಿಯ ಹಳೆಯ ಟಾರ್ಗಾ ಫ್ಲೋರಿಯೊ ಪಂದ್ಯದ ಹೆಸರು ಎರವಲು ಪಡೆದು 1992ರಲ್ಲಿ ಅಲ್ಲಿ ಟಾರ್ಗಾ ಟ್ಯಾಸ್ಮೇನಿಯ ಶುರುವಾಯಿತು. ವೈದ್ಯರು, ವರ್ತಕರು, ನಿವೃತ್ತರು ತಮ್ಮ ಬೆಲೆಬಾಳುವ ಕಾರು ತಂದು ದ್ವೀಪದ ರಸ್ತೆಗಳಲ್ಲಿ ಓಡಿಸಿದರು. ಹಳೆಯ ಕಾರುಗಳಿಗೆ ರಿಯಾಯಿತಿ ಕೊಡುವ ಲೆಕ್ಕಾಚಾರ ಇಲ್ಲಿ ವಾದಕ್ಕೆ ಆಹಾರ. ಮೂವತ್ತು ವರ್ಷ ಹಳೆಯ ಕಾರಿಗೆ ಇಂದಿನ ಟೈರು ಹಾಕಿದರೆ ಅದು ಎಷ್ಟು ಹಳೆಯದು?

ಆದರೆ 2021ರ ಏಪ್ರಿಲ್‌ನಲ್ಲಿ ಈ ರ‍್ಯಾಲಿಯ ಎರಡು ಅಪಘಾತಗಳಲ್ಲಿ ಮೂವರು ಸ್ಪರ್ಧಿಗಳು ಸತ್ತರು. ಮೋಟಾರ್‌ಸ್ಪೋರ್ಟ್ ಆಸ್ಟ್ರೇಲಿಯ ಸಂಸ್ಥೆ ತನಿಖೆ ನಡೆಸಿ ನಿಯಮಗಳನ್ನು ಬಿಗಿಗೊಳಿಸಿತು. 2022ರಲ್ಲಿ ಮತ್ತೊಬ್ಬರು ಸತ್ತರು. ಸಂಸ್ಥೆ ಆಮೇಲೆ ಈ ಬಗೆಯ ಸ್ಪರ್ಧೆಗಳಿಗೇ ತಡೆ ಹಾಕಿತು. ಟಾರು ರಸ್ತೆಯಲ್ಲಿ ಹಿಡಿತ ಹೆಚ್ಚು, ಆದ್ದರಿಂದ ವೇಗ ಹೆಚ್ಚು. ಹಿಡಿತ ತಪ್ಪಿದಾಗ ಪಕ್ಕದಲ್ಲಿರುವುದು ಮರ. ಪೌಲಿ ಟೊಯ್ವೊನೆನ್ನರ ಮಗ ಹೆನ್ರಿ 1986ರ ಮೇ 2ರಂದು ಸಹಚಾಲಕ ಸರ್ಜಿಯೊ ಕ್ರೆಸ್ಟೊ ಜತೆ ತೀರಿಕೊಂಡದ್ದೂ ಕಾರ್ಸಿಕ ದ್ವೀಪದ ಇಂಥದೇ ಟಾರು ರಸ್ತೆಯಲ್ಲಿ, ಆ ರ‍್ಯಾಲಿಯ ಮುಂಚೂಣಿಯಲ್ಲಿದ್ದಾಗ. ಆ ಸಾವಿನ ಬೆನ್ನಿಗೇ, ಅವರು ಓಡಿಸುತ್ತಿದ್ದ ಗ್ರೂಪ್ ಬಿ ವರ್ಗದ ಅತಿ ಶಕ್ತಿಶಾಲಿ ಕಾರುಗಳನ್ನು 1987ರಿಂದ ವಿಶ್ವ ಚಾಂಪಿಯನ್‌ಶಿಪ್‌ನಿಂದ ಹೊರಗಿಡುವ ನಿರ್ಧಾರವಾಯಿತು.