ಎಂಆರ್‌ಐಗೆ ಬಣ್ಣ ಬಂದ ಬಗೆ

ಮಲಪ್ರಭೆಯ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಹುಬ್ಬಳ್ಳಿ–ಧಾರವಾಡದ ನಲ್ಲಿಗಳಿಗೆ ಬರುತ್ತದೆ. ಅದನ್ನು ಕುಡಿದವರು ಎಂಆರ್‌ಐ ಯಂತ್ರದೊಳಗೆ ಮಲಗಿದರೆ ಯಂತ್ರ ಹುಡುಕುವುದೂ ಹೆಚ್ಚಾಗಿ ನೀರನ್ನೇ. ನೀರಿನ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಕಾಂತಕ್ಷೇತ್ರದಲ್ಲಿ ಕೊಡುವ ರೇಡಿಯೊ ಸಂಕೇತವೇ ಅಲ್ಲಿ ಚಿತ್ರವಾಗುತ್ತದೆ.

ಈ ಸಂಕೇತವನ್ನು ಅಮೆರಿಕದಲ್ಲಿ ವಿಜ್ಞಾನಿಗಳಾದ ಬ್ಲಾಕ್ ಮತ್ತು ಪರ್ಸೆಲ್ ವರದಿ ಮಾಡಿದ್ದು 1946ರಲ್ಲಿ. ಐದೇ ವರ್ಷಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ನೀರಿನ ಮೇಲೆ ಇದೇ ಪ್ರಯೋಗ ಮಾಡಿದರು. ನಿಂತ ನೀರಿಗೆ ರೇಡಿಯೊ ಅಲೆ ಬಡಿಯುತ್ತಲೇ ಇದ್ದರೆ ನ್ಯೂಕ್ಲಿಯಸ್‌ಗಳು ದಣಿದು ಸಂಕೇತ ಮಂಕಾಗುತ್ತದೆ. ಕೊಳವೆಯಲ್ಲಿ ಹೊಸ ನೀರು ಬಂದರೆ ಸಂಕೇತ ಮತ್ತೆ ಏರುತ್ತದೆ. ಔಷಧಿ ಚುಚ್ಚದೆಯೇ ರಕ್ತನಾಳಗಳನ್ನು ಬೆಳಗಿಸಿ ತೋರಿಸುವ ಇಂದಿನ ಒಂದು ವಿಧಾನದ ಬೇರು ಇಲ್ಲಿದೆ. ಸೂರ್ಯನ್ ಹೆಸರು ನಮ್ಮಲ್ಲಿ ಇನ್ನಷ್ಟು ಕೇಳಿಬರಬೇಕಿತ್ತು.

1973ರಲ್ಲಿ ವಿಜ್ಞಾನಿ ಲಾಟರ್‌ಬರ್ ಇದೇ ಸಂಕೇತದಿಂದ ನೀರಿನ ಎರಡು ಸಣ್ಣ ಕೊಳವೆಗಳ ಚಿತ್ರ ತೆಗೆದರು. ಯಂತ್ರಗಳು ಬೆಳೆದವು, ಚಿತ್ರ ಮಾತ್ರ ಬೂದಾಗಿಯೇ ಉಳಿಯಿತು. ದೇಹದ ತುಂಬ ನೀರೇ ಇರುವಾಗ ಒಂದು ಬಗೆಯ ಕೋಶವನ್ನು ಇನ್ನೊಂದರಿಂದ ಬೇರೆ ಮಾಡಿ ತೋರಿಸುವುದು ಹೇಗೆ?

ಉತ್ತರ, ಹೈಡ್ರೋಜನ್‌ನಂತೆಯೇ ಸಂಕೇತ ಕೊಡುವ ಫ್ಲೋರಿನ್‌ನಲ್ಲಿತ್ತು. ಮುಂಡರಗಿ ಕಡೆಯ ಬೋರ್‌ವೆಲ್ ನೀರಿನಿಂದ ಅದರ ಕಾಟ ನಮಗೆ ಗೊತ್ತೇ ಇದೆ. ಆದರೆ ಹಲ್ಲು–ಮೂಳೆಯಲ್ಲಿ ಗಟ್ಟಿಯಾಗಿ ಕೂತ ಫ್ಲೋರಿನ್ ಸಾಮಾನ್ಯ ಎಂಆರ್‌ಐಗೆ ಕಾಣುವುದಿಲ್ಲ. ಹೀಗಾಗಿ ಹೊರಗಿನಿಂದ ಕೊಟ್ಟದ್ದಷ್ಟೇ ಕತ್ತಲ ಹಿನ್ನೆಲೆಯಲ್ಲಿ ಎದ್ದು ಕಾಣುತ್ತದೆ. 2007ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಸಂಶೋಧಕರು ಫ್ಲೋರಿನ್ ಭರಿತ ಎರಡು ಬಗೆಯ ಪರ್‌ಫ್ಲೋರೊಕಾರ್ಬನ್ ನ್ಯಾನೊಕಣಗಳನ್ನು ಕೋಶಗಳಿಗೆ ತುಂಬಿದರು. ಎರಡರ ಸಂಕೇತದ ಆವರ್ತನ ಬೇರೆ ಬೇರೆ. ಯಂತ್ರ ಅವನ್ನು ಬಿಡಿಸಿ ಗುರುತಿಸಿತು. ಆವರ್ತನಕ್ಕೊಂದು ಬಣ್ಣ ಹಚ್ಚುವುದು ಕಂಪ್ಯೂಟರ್. ಹಾಗಾಗಿ ಇದು ನೋಟದ ಬಣ್ಣವಲ್ಲ, ಲೆಕ್ಕದ ಬಣ್ಣ.

ಮರುವರ್ಷ ಗ್ಯಾರಿ ಜಾಬೋ ಎಂಬ ಸಂಶೋಧಕರ ತಂಡ ಫ್ಲೋರಿನ್ ಬಿಟ್ಟು ಬೇರೆ ದಾರಿ ಹಿಡಿಯಿತು. ಎರಡು ಪುಟಾಣಿ ಕಾಂತೀಯ ಬಿಲ್ಲೆಗಳನ್ನು ಎದುರುಬದುರಾಗಿ ನಿಲ್ಲಿಸಿ, ನಡುವಿನ ನೀರಿನ ಆವರ್ತನವನ್ನೇ ಬದಲಿಸಿತು. ಬಿಲ್ಲೆಯ ಅಳತೆ, ಅಂತರ ಬದಲಾದರೆ ಬಣ್ಣವೂ ಬದಲು. ಜಾಣತನದ ಕೆಲಸವೇ, ಆದರೆ ಬಿಲ್ಲೆಗಳು ನ್ಯಾನೊ ಅಲ್ಲ, ಮೈಕ್ರಾನ್ ಗಾತ್ರದವು.

ಫ್ಲೋರಿನ್ ದಾರಿಯಲ್ಲೇ ಸಾಗಿದ, ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯ ಅಮ್ನೋನ್ ಬಾರ್–ಶೀರ್ ತಂಡ ಕ್ಯಾಲ್ಸಿಯಂ ಫ್ಲೋರೈಡ್, ಸ್ಟ್ರಾನ್ಷಿಯಂ ಫ್ಲೋರೈಡ್‌ಗಳ ನ್ಯಾನೊ ಹರಳು ಮಾಡಿತು. ಹರಳುಗಳಿಗೆ ಸಕ್ಕರೆ ಅಣುಗಳ ಹೊದಿಕೆ ಕೊಟ್ಟು, ಜೀವಂತ ಇಲಿಗಳಲ್ಲಿ ಉರಿಯೂತದ ಜಾಗಕ್ಕೆ ಓಡುವ ರಕ್ಷಣಾಕೋಶಗಳ ಬೆನ್ನು ಹತ್ತಿದ್ದು 2021ರ ಸುದ್ದಿ.

ಎಷ್ಟು ತುಂಬಿದರೂ ಫ್ಲೋರಿನ್ ಸಂಕೇತ ನೀರಿನದರ ಮುಂದೆ ಬಡಪಾಯಿ. ಆಸ್ಪತ್ರೆಯ ಯಂತ್ರಗಳನ್ನು ಹೊಂದಿಸಿರುವುದೂ ಹೈಡ್ರೋಜನ್‌ಗೇ. ಫ್ಲೋರಿನ್‌ಗೆ ಸಂಕೇತ ಹಿಡಿಯುವ ಬೇರೆ ಸುರುಳಿ (ಕಾಯಿಲ್) ಬೇಕು. ಆದ್ದರಿಂದ ಡಾಕ್ಟರು ಬರೆದುಕೊಟ್ಟ ಸ್ಕ್ಯಾನಿಂಗ್ ಬಿಟ್ಟು ‘ಕಲರ್ ಎಂಆರ್‌ಐ’ ಹುಡುಕುತ್ತ ಅಲೆಯಬೇಡಿ. ಅದು ಸದ್ಯ ಪ್ರಯೋಗಾಲಯದ ಇಲಿಗಳಿಗೆ ಮಾತ್ರ.