ಮುಯ್ಯಿಗೆ ಒಂದೇ ಒಂದು ಷೇರು! ಕೊಟ್ಟರೆ ಸಾಲದು, ಹೆಸರೂ ದಾಟಬೇಕು

ಮಂಗಳೂರು: ಮದುವೆ ಸೀಸನ್ ಬಂತೆಂದರೆ ಒಂದು ರೂಪಾಯಿ ನಾಣ್ಯ ಅಂಟಿಸಿದ ಮುಯ್ಯಿ ಕವರಿಗೆ ಎಲ್ಲಿಲ್ಲದ ಗಿರಾಕಿ. ನೂರು ಕೊಡುವವ ನೂರೊಂದು, ಐನೂರು ಕೊಡುವವ ಐನೂರೊಂದು. ಸೊನ್ನೆಯಲ್ಲಿ ಮುಗಿದರೆ ಅದು ಮುಯ್ಯಿಯೇ ಅಲ್ಲ ಅನ್ನುವವರು ನಮ್ಮಲ್ಲಿ ಇದ್ದಾರೆ. ಕೊನೆಗೆ 'ಒಂದು' ಇರಲೇಬೇಕು.

ಆ ಒಂದು ರೂಪಾಯಿಯ ಜಾಗದಲ್ಲಿ ಒಂದು ಷೇರು ಕೊಟ್ಟರೆ ಹೇಗೆ? ಮಗುವಿನ ನಾಮಕರಣಕ್ಕೆ, ಸೊಸೆಯ ಮದುವೆಗೆ, ಮೊಮ್ಮಗ ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ, ಯಾವುದಾದರೂ ಒಳ್ಳೆ ಕಂಪೆನಿಯ ಒಂದೇ ಒಂದು ಷೇರು. ಬೆಳ್ಳಿ ಲೋಟಕ್ಕಿಂತ ಅಗ್ಗ, ಗೋಡೆ ಗಡಿಯಾರದ ಹಾಗೆ ಮೂರನೆಯದು ನಾಲ್ಕನೆಯದು ಬಂತೆಂದು ಅಟ್ಟಕ್ಕೆ ಹೋಗುವುದಿಲ್ಲ. ಯೋಚನೆ ಚೆನ್ನಾಗಿದೆ. ಆದರೆ ಅಂಗಡಿಯಿಂದ ತಂದು ಕೈಗಿಡುವ ಸಾಮಾನಲ್ಲ ಇದು.

ಹಿಂದೆ ಒಂದು ಷೇರಿಗೆ ಮಾನವೇ ಇರಲಿಲ್ಲ. ಷೇರು ಕಾಗದದಲ್ಲಿದ್ದ ಕಾಲದಲ್ಲಿ ಮಾರುಕಟ್ಟೆಯಲ್ಲಿ ವ್ಯವಹಾರ ಲಾಟ್ ಲೆಕ್ಕದಲ್ಲಿ, ಐವತ್ತು, ನೂರು ಹೀಗೆ. ಒಂದೆರಡು ಇಟ್ಟುಕೊಂಡವನದ್ದು 'ಆಡ್ ಲಾಟ್', ಚಿಲ್ಲರೆ ಷೇರು. ಮಾರಲು ಹೋದರೆ ಬ್ರೋಕರು ಮುಖ ಸಿಂಡರಿಸಿ ಬೆಲೆ ಕಡಿಮೆ ಮಾಡುತ್ತಿದ್ದ. 1996ರಲ್ಲಿ ಡಿಪಾಸಿಟರಿ ಕಾಯ್ದೆ ಬಂತು, ಷೇರುಗಳು ಕಾಗದ ಬಿಟ್ಟು ಡಿಮ್ಯಾಟ್ ಖಾತೆಯೊಳಗಿನ ಅಂಕಿಗಳಾದವು. ಲಾಟ್ ಹೋಯಿತು. ಈಗ ಬಸ್ಸಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಒಂದು ಷೇರು ಕೊಳ್ಳಬಹುದು, ಕಂಡಕ್ಟರ್ ಟಿಕೆಟ್ ಕೊಡುವುದರೊಳಗೆ.

ಎಲ್ಲರ ತಲೆ ಕೆಡಿಸಿರುವುದು ಒಂದು ಲೆಕ್ಕ. ಅದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ.

1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ ತನ್ನ ಷೇರನ್ನು 95 ರೂಪಾಯಿಗೆ ಜನರ ಮುಂದಿಟ್ಟಿತು. ಸಾಕಷ್ಟು ಗಿರಾಕಿ ಸಿಗಲಿಲ್ಲ. ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಶೇಕಡಾ 13ರಷ್ಟು ಪಾಲನ್ನು ಅದೇ ಬೆಲೆಗೆ ಎತ್ತಿಕೊಂಡಿತು. ಅವತ್ತಿನ ಒಂದು ಷೇರು 1994ರ ಬೋನಸಿನಲ್ಲಿ ಎರಡಾಯಿತು, 1997ರಲ್ಲಿ ನಾಲ್ಕು, 1999ರಲ್ಲಿ ಎಂಟು. 2000ದಲ್ಲಿ ಒಂದನ್ನು ಎರಡಾಗಿ ಸೀಳಿದರು, ಹದಿನಾರು. 2004ರಲ್ಲಿ ಒಂದಕ್ಕೆ ಮೂರು ಬೋನಸು, 64. 2006ರಲ್ಲಿ 128, 2014ರಲ್ಲಿ 256, 2015ರಲ್ಲಿ 512, 2018ರಲ್ಲಿ 1,024. ಒಂದು ಕಾಸೂ ಮತ್ತೆ ಹಾಕದೆ ಒಂದು ಷೇರು ಸಾವಿರದ ಇಪ್ಪತ್ತನಾಲ್ಕು! ಇವತ್ತಿನ ಬೆಲೆ ಪೇಪರಿನಲ್ಲಿ ನೋಡಿ ನೀವೇ ಗುಣಿಸಿಕೊಳ್ಳಿ.

ಈ ಲೆಕ್ಕ ಹೇಳುವವರು ಅದೇ ಹೊತ್ತಿನಲ್ಲಿ ದುಡ್ಡೆತ್ತಿ ಬೋರ್ಡು ಕಳಚಿಕೊಂಡು ಹೋದ ಕಂಪೆನಿಗಳ ಲೆಕ್ಕ ಹೇಳುವುದಿಲ್ಲ. ಅವಕ್ಕೆ ಸರಕಾರವೇ 'ವ್ಯಾನಿಶಿಂಗ್ ಕಂಪೆನಿ' ಎಂದು ಹೆಸರಿಟ್ಟಿತು, ಅಂದರೆ ಮಾಯವಾದ ಕಂಪೆನಿ. ಅವುಗಳ ಒಂದು ಷೇರನ್ನೂ ಯಾವನೋ ಸೋದರಮಾವ ಪ್ರೀತಿಯಿಂದಲೇ ಕೊಟ್ಟಿರಬಹುದು.

ಮುರುಕು ಷೇರಿನ ಪಾಡು

ಇನ್ಫೋಸಿಸ್ಸಿನ ಆ ಒಂದು ಷೇರಿಗೆ ಇನ್ನೊಂದು ಅದೃಷ್ಟವೂ ಇತ್ತು. ಬೋನಸು ಪ್ರತಿ ಸಲವೂ ಒಂದಕ್ಕೆ ಒಂದೋ ಮೂರೋ ಇಡಿಯಾಗಿ ಬಂತು. ಎಲ್ಲ ಕಡೆ ಹಾಗಾಗುವುದಿಲ್ಲ. 2019ರಲ್ಲಿ ವಿಪ್ರೋ ಮೂರು ಷೇರಿಗೆ ಒಂದು ಬೋನಸು ಕೊಟ್ಟಿತು. ಮೂರಿದ್ದವನಿಗೆ ನಾಲ್ಕಾಯಿತು. ಒಂದೇ ಇದ್ದವನಿಗೆ? ಮೂರನೇ ಒಂದು ಭಾಗ ಷೇರು ಎನ್ನುವುದು ಡಿಮ್ಯಾಟ್ ಖಾತೆಯಲ್ಲಿ ಕೂರುವುದಿಲ್ಲ. ಇಂಥ ಮುರುಕುಗಳನ್ನೆಲ್ಲ ಗುಡ್ಡೆ ಹಾಕಿ ಮಾರಿ ಪಾಲಿನ ಹಣವನ್ನು ಖಾತೆಗೆ ಹಾಕುತ್ತಾರೆ. ಒಂದು ಒಂದಾಗಿಯೇ ಉಳಿಯುತ್ತದೆ.

ಇದರ ನೋವು ಚೆನ್ನಾಗಿ ಗೊತ್ತಿರಬೇಕಾದದ್ದು ನಮ್ಮ ಕರಾವಳಿಗೆ. ಬ್ಯಾಂಕುಗಳ ತವರುಮನೆ ಎಂದು ಹೇಳಿಕೊಂಡ ಜಿಲ್ಲೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್, 1924ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ. ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ತೆಗೆದುಕೊಂಡಿತ್ತು. ಎರಡಾಣೆಯನ್ನೂ ಹಗುರವಾಗಿ ನೋಡದ ಊರು ಇದು. 1969ರಲ್ಲಿ ಕೆನರಾ, ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಶನ್, ವಿಜಯಾ ಸರಕಾರದ ಕೈಗೆ ಹೋದವು. ಮುಂದೆ ಇವೇ ಬ್ಯಾಂಕುಗಳು ಮತ್ತೆ ಜನರಿಗೆ ಷೇರು ಮಾರಿದವು. 1999ರಲ್ಲಿ ಸಿಂಡಿಕೇಟ್ ಹತ್ತು ರೂಪಾಯಿಗೆ, 2000ದಲ್ಲಿ ವಿಜಯಾ ಹತ್ತು ರೂಪಾಯಿಗೆ. 'ನಮ್ಮ ಬ್ಯಾಂಕು' ಎಂಬ ಅಭಿಮಾನಕ್ಕೇ ಕೊಂಡವರು ಎಷ್ಟು ಮಂದಿಯೋ!

ಆಮೇಲೆ ವಿಲೀನ ಬಂತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ವಿಜಯಾದ 1,000 ಷೇರಿಗೆ ಬರೋಡಾದ 402. ಮರು ವರ್ಷ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ, 1,000ಕ್ಕೆ 158. ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ, 1,000ಕ್ಕೆ 330. ಸಾವಿರ ಇದ್ದವರ ಮಾತು ಬಿಡಿ. ಮೊಮ್ಮಗಳ ಹೆಸರಿನಲ್ಲಿ ಸಿಂಡಿಕೇಟಿನ ಒಂದೇ ಒಂದು ಷೇರು ಇತ್ತು ಎನ್ನಿ. ಅವಳಿಗೆ ಬರಬೇಕಾದದ್ದು ಕೆನರಾ ಷೇರಿನ ಆರನೇ ಒಂದು ಭಾಗಕ್ಕೂ ಕಡಿಮೆ. ಒಂದು ಇಡೀ ಷೇರು ಸಿಗಬೇಕಾದರೆ ಏಳು ಇರಬೇಕಿತ್ತು. ಕಾರ್ಪೊರೇಶನಿನದ್ದು ಇನ್ನೂ ತಮಾಷೆ: ಅವತ್ತು ಮೂರು ಇದ್ದವರಿಗೆ ಲೆಕ್ಕ ಬಂದದ್ದು 0.99. ಒಂದು ಪೈಸೆ ಕಡಿಮೆ ಇದೆಯೆಂದು ಬಸ್ಸಿನಿಂದ ಇಳಿಸಿದ ಹಾಗೆ! ಮುರುಕಿಗೆ ಸಿಗುವುದು ಚಿಲ್ಲರೆ ಹಣ, ಷೇರುದಾರರ ಪಟ್ಟಿಯಲ್ಲಿ ಹೆಸರಿಲ್ಲ.

ಅದಕ್ಕೇ ಪೇಟೆಯ ತಿಳಿದವರು ಹೇಳುವುದು, ಕೊಡುವುದಾದರೆ ಶಾಸ್ತ್ರಕ್ಕೆ ಒಂದು ಬೇಡ, ಹತ್ತೊ ಹನ್ನೊಂದೊ ಕೊಡಿ ಅಂತ. ಮುಯ್ಯಿಯ 'ಒಂದು' ಹನ್ನೊಂದರಲ್ಲೂ ಇದ್ದೇ ಇದೆಯಲ್ಲ.

ಮಾವ ಕೊಟ್ಟ, ಕೊಡಲಿಲ್ಲ

ದೊಡ್ಡ ಎಡವಟ್ಟು ಇರುವುದು ಬೇರೆ ಕಡೆ. ಒಬ್ಬ ಸೋದರಮಾವ 1995ರಲ್ಲಿ ತನ್ನ ಹೆಸರಿನಲ್ಲಿದ್ದ ಷೇರು ಸರ್ಟಿಫಿಕೇಟನ್ನು ಕುಂಕುಮ ಹಚ್ಚಿ ಸೊಸೆಯ ಕೈಗೆ ಇಟ್ಟನೆನ್ನಿ. ಬಣ್ಣದ ಅಂಚು, ಕಂಪೆನಿಯ ಮೊಹರು, ನೋಡಲು ಚೆಂದ. ತಾಯಿ ಅದನ್ನು ಸೀರೆಯ ಮಡಿಕೆಯೊಳಗೆ ಟ್ರಂಕಿಗೆ ಸೇರಿಸಿದಳು. ಟ್ರಾನ್ಸ್‌ಫರ್ ಡೀಡಿಗೆ ಸಹಿ ಹಾಕಿ, ಷೇರು ಸ್ಟ್ಯಾಂಪ್ ಅಂಟಿಸಿ ಕಂಪೆನಿಗೆ ಕಳಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ. ಸೊಸೆ ಇವತ್ತಿಗೂ ಅದು ತನ್ನದೆಂದೇ ತಿಳಿದಿದ್ದಾಳೆ. ಕಂಪೆನಿಯ ಪುಸ್ತಕದಲ್ಲಿ ಅದು ಮಾವನದ್ದು.

ಡಿವಿಡೆಂಡ್ ಮಾವನ ಹಳೇ ವಿಳಾಸಕ್ಕೆ ಹೋಗುತ್ತಿತ್ತು. ಮನೆ ಬದಲಾಯಿತು, ವಾರಂಟುಗಳು ವಾಪಸು ಹೋದವು. ಒಂದರ ಹಿಂದೊಂದು ಏಳು ವರ್ಷ ಡಿವಿಡೆಂಡ್ ಯಾರೂ ಪಡೆಯದಿದ್ದರೆ ಆ ಹಣವೂ ಷೇರೂ ಕೇಂದ್ರ ಸರಕಾರದ ಐ.ಇ.ಪಿ.ಎಫ್. ನಿಧಿಗೆ ಹೋಗಬೇಕೆಂದು ಕಾನೂನು. 2016ರಲ್ಲಿ ಅದಕ್ಕೊಂದು ಪ್ರಾಧಿಕಾರವೂ ಬಂತು. ಅಲ್ಲಿಂದ ಬಿಡಿಸಿಕೊಳ್ಳಬಹುದು, ಐ.ಇ.ಪಿ.ಎಫ್.-5 ಎಂಬ ಫಾರಂ ಇದೆ. ಆದರೆ ಬಿಡಿಸಿಕೊಳ್ಳಬೇಕಾದವ ಮಾವ.

ಮಾವ ಇದ್ದರೆ ಪುಣ್ಯ. ಸರ್ಟಿಫಿಕೇಟನ್ನು ಮೊದಲು ಅವನದೇ ಡಿಮ್ಯಾಟ್ ಖಾತೆಗೆ ಹಾಕಿಸಿ ಆಮೇಲೆ ಸೊಸೆಗೆ ದಾಟಿಸಬಹುದು. ಮಾವ ತೀರಿಕೊಂಡಿದ್ದರೆ ಷೇರು ಹೋಗುವುದು ಅವನ ನಾಮಿನಿಗೆ, ವಾರಸುದಾರರಿಗೆ. ಕುಂಕುಮ ಹಚ್ಚಿ ಕೊಟ್ಟದ್ದಕ್ಕೆ ಅಲ್ಲಿ ಸಾಕ್ಷಿ ನಡೆಯುವುದಿಲ್ಲ. ಅತ್ತೆಯ ಮನೆಯವರೂ ಸೊಸೆಯೂ ಒಂದು ಕಾಗದದ ಮೇಲೆ ಮಾತು ಬಿಡುವುದಕ್ಕೆ ಇಷ್ಟು ಸಾಕು.

ಈಗ ಹಳೇ ಡೀಡು ಹುಡುಕಿ ಕಳಿಸಿದರೂ ಆಗುವುದು ಕಷ್ಟ. 2019ರ ಏಪ್ರಿಲ್ 1ರಿಂದ ಕಾಗದದ ಷೇರನ್ನು ಕಾಗದದಲ್ಲೇ ವರ್ಗಾಯಿಸುವುದನ್ನು ಸೆಬಿ ನಿಲ್ಲಿಸಿತು. ಮೊದಲೇ ಸಲ್ಲಿಸಿ ವಾಪಸಾಗಿದ್ದ ಡೀಡುಗಳಿಗೆಂದು 2025ರ ಜುಲೈ 7ರಿಂದ ಆರು ತಿಂಗಳು ಬಾಗಿಲು ತೆರೆದದ್ದುಂಟು. ಅಂಥ ಹಳೇ ಡೀಡು ಕೈಯಲ್ಲಿದ್ದವರು ಕಂಪೆನಿಯ ರಿಜಿಸ್ಟ್ರಾರರನ್ನೇ ವಿಚಾರಿಸುವುದು ಒಳ್ಳೆಯದು.

ಅಮೆರಿಕದಲ್ಲಿ ಮಕ್ಕಳಿಗೆ ವಾಲ್ಟ್ ಡಿಸ್ನಿ ಕಂಪೆನಿಯ ಒಂದು ಷೇರನ್ನು ಚೌಕಟ್ಟು ಹಾಕಿಸಿ ಕೊಡುವ ಚಾಳಿ ಬಹಳ ಕಾಲ ಇತ್ತು. ಸರ್ಟಿಫಿಕೇಟಿನ ಮೇಲೆ ಕಾರ್ಟೂನ್ ಗೊಂಬೆಗಳು. 2013ರಲ್ಲಿ ಡಿಸ್ನಿಯೂ ಕಾಗದ ಕೊಡುವುದನ್ನು ನಿಲ್ಲಿಸಿತು.

ಸರಿಯಾಗಿ ಕೊಡುವುದು ಹೇಗೆ?

ತೆಗೆದುಕೊಳ್ಳುವವರ ಹೆಸರಿನಲ್ಲಿ ಡಿಮ್ಯಾಟ್ ಖಾತೆ ಇರಬೇಕು. ಮಗುವಾದರೂ ಸರಿ, ಪ್ಯಾನ್ ಕಾರ್ಡು ಮಾಡಿಸಿ ತಂದೆ ಅಥವಾ ತಾಯಿ ಪೋಷಕರಾಗಿ ಖಾತೆ ತೆರೆಯಬಹುದು. ಹದಿನೆಂಟು ತುಂಬಿದಾಗ ಮಗುವೇ ಸಹಿ ಹಾಕಿ ದಾಖಲೆಗಳನ್ನು ಹೊಸದಾಗಿ ಕೊಡಬೇಕು. ಕೊಡುವವರು ತಮ್ಮ ಖಾತೆಯಲ್ಲಿ ಷೇರು ಕೊಂಡು, ಡೆಲಿವರಿ ಇನ್‌ಸ್ಟ್ರಕ್ಷನ್ ಸ್ಲಿಪ್ ಎಂಬ ಚೀಟಿ ತುಂಬಬೇಕು. ಕಂಪೆನಿಯ ಹನ್ನೆರಡು ಅಕ್ಷರದ ಐ.ಎಸ್.ಐ.ಎನ್., ಎಷ್ಟು ಷೇರು, ಯಾವ ಖಾತೆಗೆ, ಕಾರಣದ ಜಾಗದಲ್ಲಿ 'ಗಿಫ್ಟ್'. ಮೊಬೈಲಿಗೆ ಬಂದ ಓಟಿಪಿ ಕೊಟ್ಟ ಮೇಲೆ ಷೇರು ದಾಟುತ್ತದೆ. ಕೆಲವು ಬ್ರೋಕರುಗಳಲ್ಲಿ ಇದನ್ನೆಲ್ಲ ಮೊಬೈಲಿನಲ್ಲೇ ಮಾಡಬಹುದು.

ಇದಕ್ಕೆ ಶುಲ್ಕ ಉಂಟು. ಅಗ್ಗದ ಷೇರಾದರೆ ದಾಟಿಸುವ ಖರ್ಚೇ ಷೇರಿಗಿಂತ ಜಾಸ್ತಿ, ಕೋಣಕ್ಕಿಂತ ಹಗ್ಗ ದುಬಾರಿ. ಒಂದು ಸಮಾಧಾನ: ಒಬ್ಬರಿಗೆ ಒಂದೇ ಡಿಮ್ಯಾಟ್ ಇದ್ದು ಅದು 'ಬೇಸಿಕ್' ಖಾತೆಯಾಗಿದ್ದರೆ, 2024ರ ಸೆಪ್ಟೆಂಬರಿನಿಂದ ನಾಲ್ಕು ಲಕ್ಷ ರೂಪಾಯಿ ಮೌಲ್ಯದವರೆಗೆ ವಾರ್ಷಿಕ ಶುಲ್ಕ ಇಲ್ಲ.

ತೆರಿಗೆಗೆ ಹೆದರಬೇಕಿಲ್ಲ. ಸೋದರಮಾವ, ಅಜ್ಜ, ಅಕ್ಕ ಮುಂತಾದ ಹತ್ತಿರದ ಬಂಧುಗಳು ಕೊಟ್ಟದ್ದಕ್ಕೂ, ಮದುವೆಗೆ ಯಾರೇ ಕೊಟ್ಟದ್ದಕ್ಕೂ ತೆಗೆದುಕೊಂಡವರು ತೆರಿಗೆ ಕಟ್ಟಬೇಕಿಲ್ಲ. ಸ್ನೇಹಿತರಿಂದಾದರೆ ವರ್ಷಕ್ಕೆ ಒಟ್ಟು 50,000 ರೂಪಾಯಿ ತನಕ ತೊಂದರೆ ಇಲ್ಲ. ಮುಂದೆ ಮಾರುವಾಗ ಮಾತ್ರ ಲಾಭದ ಲೆಕ್ಕ ಶುರುವಾಗುವುದು ಕೊಟ್ಟವರು ಕೊಂಡ ಬೆಲೆಯಿಂದ, ಕೊಂಡ ದಿನದಿಂದ. ಆದ್ದರಿಂದ ಮುಯ್ಯಿ ಕವರಿನೊಳಗೆ ತಾರೀಕು, ಬೆಲೆ ಬರೆದ ಒಂದು ಚೀಟಿ ಇಡಿ. ಇಪ್ಪತ್ತು ವರ್ಷದ ಮೇಲೆ ಯಾರನ್ನು ಕೇಳೋದು?

ಮನೆಯಲ್ಲಿ ತಮ್ಮದೇ ಹೆಸರಿನ ಹಳೇ ಸರ್ಟಿಫಿಕೇಟ್ ಇದ್ದವರು ಟ್ರಂಕು ತೆಗೆದು ನೋಡಿ. ಬ್ಯಾಂಕು ಸೇರಿಹೋಗಿರಬಹುದು, ಕಂಪೆನಿ ಹೆಸರು ಬದಲಾಗಿರಬಹುದು. ರಿಜಿಸ್ಟ್ರಾರರಿಗೆ ಐ.ಎಸ್.ಆರ್.-1 ಫಾರಂನಲ್ಲಿ ಪ್ಯಾನು, ವಿಳಾಸ, ಬ್ಯಾಂಕ್ ಖಾತೆ ಕೊಡಬೇಕು. ಅದಿಲ್ಲದಿದ್ದರೆ 2024ರ ಏಪ್ರಿಲಿನಿಂದ ಕಾಗದದ ಷೇರಿನ ಡಿವಿಡೆಂಡ್ ತಡೆದಿಡುತ್ತಾರೆ. ಮೂವತ್ತು ವರ್ಷದ ಹಿಂದಿನ ಸಹಿ ಈಗಿನದಕ್ಕೆ ತಾಳೆಯಾಗದಿದ್ದರೆ ಐ.ಎಸ್.ಆರ್.-2ರಲ್ಲಿ ಬ್ಯಾಂಕ್ ಮ್ಯಾನೇಜರರಿಂದ ಸಹಿ ಖಾತ್ರಿ ಮಾಡಿಸಬೇಕು.

ಹೆಸರು ಒಮ್ಮೆ ದಾಟಿತೆಂದರೆ ಒಂದು ಷೇರಿನವನೂ ಕಂಪೆನಿಯ ಸದಸ್ಯನೇ. ವಾರ್ಷಿಕ ಸಭೆಗೆ ನೋಟೀಸು, ಒಂದು ಓಟು, ಮೊದಲೇ ಹೆಸರು ಕೊಟ್ಟರೆ ಅಧ್ಯಕ್ಷರನ್ನು ಪ್ರಶ್ನೆ ಕೇಳುವ ಹಕ್ಕು. ಹಿಂದೆ ಸಭೆಗೆ ಹೋದರೆ ಚೀಲ, ಪೆನ್ನು, ಏನಾದರೊಂದು ಉಡುಗೊರೆ ಸಿಗುತ್ತಿತ್ತು, ಅದಕ್ಕೆಂದೇ ಒಂದು ಷೇರು ಇಟ್ಟುಕೊಂಡವರಿದ್ದರು. 2015ರ ಜುಲೈಯಿಂದ ಸಭೆಯಲ್ಲಿ ಉಡುಗೊರೆ ಹಂಚಬಾರದೆಂದು ನಿಯಮ ಬಂತು. 2020ರಿಂದ ಎಷ್ಟೋ ಸಭೆಗಳು ವಿಡಿಯೋದಲ್ಲೇ ಮುಗಿಯುತ್ತವೆ. ಕಾಫಿಯನ್ನೂ ಮನೆಯಲ್ಲೇ ಕುಡಿಯಬೇಕು.